ಟಗರು ಮರಿ ಮಾರಾಟಕ್ಕೆ ಬಂತಾ? ಬೆನ್ನು ಮುಟ್ಟಿ ನೋಡಿ

[ದೊಡ್ಡಿಯಲ್ಲಿ ಹೊಟ್ಟು ತಿನ್ನುತ್ತಿರುವ ಮರಿಗಳು]

ನಮಸ್ಕಾರ. ಕಳೆದ ವಿಡಿಯೋ ನೋಡಿದ ಒಬ್ಬರು ಕೇಳಿದ್ದರು: "ಅಣ್ಣಾ, ಹತ್ತು ಟಗರು ಮರಿ ಇವೆ. ಏಳು ತಿಂಗಳಾಯ್ತು. ವ್ಯಾಪಾರಿ ಮನೆ ಬಾಗಿಲಿಗೇ ಬರ್ತಿದ್ದಾನೆ. ಕೊಟ್ಟುಬಿಡಲಾ, ಇನ್ನೆರಡು ತಿಂಗಳು ಮೇಯಿಸಲಾ?"

ಫೋನಿನಲ್ಲಿ ಕೂತು ಇದಕ್ಕೆ ಉತ್ತರ ಕೊಡುವುದು ತಪ್ಪಾಗುತ್ತದೆ. ಉತ್ತರ ಇರುವುದು ಆ ಮರಿಗಳ ಬೆನ್ನ ಮೇಲೆ. ಅದನ್ನು ಓದುವುದು ಹೇಗೆ ಅನ್ನುವುದೇ ಇವತ್ತಿನ ವಿಡಿಯೋ.

ಮೂರು ತಿಂಗಳಿಗೆ ಹಾಲು ಬಿಟ್ಟ ಮರಿ ತರುವುದು, ಜಂತುಹುಳುವಿಗೆ ಔಷಧಿ, ಕರುಳು ಬೇನೆಗೆ, ಪಿಪಿಆರ್ ಎನ್ನುವ ಅಂಟುರೋಗಕ್ಕೆ ಲಸಿಕೆ, ಶೇಂಗಾ ಹೊಟ್ಟು, ಹಸಿ ಮೇವು, ಹಿಂಡಿ. ಇದೆಲ್ಲ ನಿಮಗೆ ಗೊತ್ತು, ಮುಂದೆ ಹೋಗೋಣ.

ಮರಿ ಬೆಳೆಯುವುದಕ್ಕೆ ಒಂದು ಸರದಿ ಇದೆ. ಮೊದಲು ಮೂಳೆ ಜೋರಾಗಿ ಬೆಳೆಯುತ್ತದೆ. ಆಮೇಲೆ ಮಾಂಸ ತುಂಬುತ್ತದೆ. ಕೊನೆಗೆ ಕೊಬ್ಬಿನ ಸರದಿ. ಕೇಂಬ್ರಿಡ್ಜ್‌ನ ಜಾನ್ ಹ್ಯಾಮಂಡ್ ಎನ್ನುವ ವಿಜ್ಞಾನಿ 1930ರ ದಶಕದಲ್ಲಿ ಕುರಿಗಳ ಮೇಲೆಯೇ ಇದನ್ನು ಅಳೆದು ತೋರಿಸಿದರು. ಕುರಿಗೆ ಮಾತ್ರ ಅಲ್ಲ, ಮಾಂಸಕ್ಕೆ ಸಾಕುವ ದನದ ಕರುಗಳಿಗೂ ಇದೇ ಸರದಿ.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಲ್ಲೋಣ.

[ಅಡುಗೆ ಮನೆ: ಒಂದು ಕಡೆ ಮೊಸರಿನ ಗಡಿಗೆ, ಇನ್ನೊಂದು ಕಡೆ ತುಪ್ಪದ ಡಬ್ಬಿ]

ಒಂದು ಲೀಟರ್ ಹಾಲಿಗೆ ಹೆಪ್ಪು ಹಾಕಿ. ಬೆಳಿಗ್ಗೆ ಎಷ್ಟು ಮೊಸರು ಸಿಗುತ್ತದೆ? ಹೆಚ್ಚು ಕಡಿಮೆ ಅಷ್ಟೇ. ಯಾಕೆ ಅಂದರೆ ಹಾಲಿನ ನೀರೆಲ್ಲ ಮೊಸರಿನಲ್ಲೇ ಕೂತಿದೆ. ಈಗ ಒಂದು ಕೆ.ಜಿ. ತುಪ್ಪ ಮಾಡಿ ನೋಡಿ. ಹಸುವಿನ ಹಾಲಾದರೆ ಇಪ್ಪತ್ತು ಲೀಟರಿಗೂ ಜಾಸ್ತಿ ಬೇಕು. ಕೆನೆ ಕೂಡಿಸಿ, ಕಡೆದು, ಬೆಣ್ಣೆ ಕಾಯಿಸಿ, ನೀರೆಲ್ಲ ಹೋದ ಮೇಲೆ ಉಳಿಯುವುದೇ ತುಪ್ಪ. ನಮ್ಮ ಅಜ್ಜಿಯರು ತುಪ್ಪವನ್ನು ಮಿಳ್ಳೆಯಲ್ಲಿ ಬಡಿಸುತ್ತಿದ್ದದ್ದು ಸುಮ್ನೆ ಅಲ್ಲ.

ಮರಿಯ ಮೈಯಲ್ಲೂ ಹೀಗೇ. ಮಾಂಸ ಅಂದರೆ ಮೊಸರು. ಅದರಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಕೊಬ್ಬು ಅಂದರೆ ತುಪ್ಪ, ನೀರು ಬಹಳ ಕಡಿಮೆ. ಮರಿ ಮಾಂಸ ತುಂಬಿಕೊಳ್ಳುವಾಗ ಕಡಿಮೆ ಮೇವಿಗೆ ಜಾಸ್ತಿ ತೂಕ ಬರುತ್ತದೆ. ಕೊಬ್ಬು ಕಟ್ಟಲು ಶುರುವಾಯಿತೋ, ಅದೇ ಒಂದು ಕೆ.ಜಿ.ಗೆ ಎಷ್ಟೋ ಹೆಚ್ಚು ಮೇವು ಸುರಿಯಬೇಕು. ಅಂದರೆ ನೀವು ಹಿಂಡಿ ಹಾಕಿ ತುಪ್ಪ ಕಾಯಿಸುತ್ತಾ ಕೂತಿದ್ದೀರಿ. ಆದರೆ ವ್ಯಾಪಾರಿ ಕೊಡುವುದು ಮೊಸರಿನ ರೇಟು!

ಕೊಬ್ಬು ಬೇಡವೇ ಬೇಡ ಅಂತಲ್ಲ. ತೆಳ್ಳಗೆ ಒಂದು ಪದರ ಇದ್ದರೇ ಮಟನ್‌ಗೆ ರುಚಿ. ಮಾಂಸ ತುಂಬಿ, ಕೊಬ್ಬು ಈಗಷ್ಟೇ ಕೂರಲು ಶುರುವಾದ ಆ ಹೊತ್ತೇ ಮಾರುವ ಹೊತ್ತು.

ಅದು ಕಣ್ಣಿಗೆ ಕಾಣುವುದಿಲ್ಲ. ಉಣ್ಣೆ ಮುಚ್ಚಿರುತ್ತದೆ, ಹೊಟ್ಟೆ ದಪ್ಪ ಕಂಡರೂ ಒಳಗೆ ಇರುವುದು ಮೇವು ಮತ್ತು ನೀರು. ಅದಕ್ಕೇ ಕೈ ಬೇಕು.

[ಸೊಂಟದ ಮೇಲೆ ಕೈ ಇಟ್ಟ ದೃಶ್ಯ, ಹತ್ತಿರದಿಂದ]

ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೇಲೆ ಅಂಗೈ ಇಡಿ. ಹೆಬ್ಬೆರಳು ಬೆನ್ನುಮೂಳೆಯ ಮೇಲಿರಲಿ. ಉಳಿದ ಬೆರಳುಗಳು ಪಕ್ಕದಲ್ಲಿ ಚಾಚಿದ ಮೂಳೆಯ ತುದಿ ಹುಡುಕಲಿ. ಈಗ ಇನ್ನೊಂದು ಕೈಯನ್ನು ಮುಷ್ಟಿ ಮಾಡಿ ಗೆಣ್ಣು ಮುಟ್ಟಿ. ಮರಿಯ ಬೆನ್ನು ಹಾಗೆ ಚೂಪಾಗಿ ಸಿಕ್ಕರೆ ಅದಕ್ಕಿನ್ನೂ ಹಸಿವಿದೆ, ಇಟ್ಟುಕೊಳ್ಳಿ. ಮುಷ್ಟಿ ಬಿಚ್ಚಿ ಕೈಯ ಹಿಂಬದಿ ಮುಟ್ಟಿ. ಮೂಳೆ ಇದೆ, ಆದರೆ ಚುಚ್ಚುವುದಿಲ್ಲ, ಅಲ್ವಾ? ಬೆನ್ನು ಹಾಗಿದ್ದರೆ ಮರಿ ತಯಾರು. ಇನ್ನು ಅಂಗೈಯಲ್ಲಿ ಹೆಬ್ಬೆರಳ ಬುಡದ ಮೆತ್ತೆ ಮುಟ್ಟಿ. ಒತ್ತಿದರೂ ಮೂಳೆ ಸುಲಭಕ್ಕೆ ಸಿಗುವುದಿಲ್ಲ. ಬೆನ್ನು ಹಾಗಾಗಿದ್ದರೆ ನೀವು ತಡ ಮಾಡಿದಿರಿ.

1961ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದ ಕೃಷಿ ಪತ್ರಿಕೆಯೊಂದರಲ್ಲಿ ಕುರಿಯ ಸೊಂಟ ಮುಟ್ಟಿ ಅಂಕ ಕೊಡುವ ಪದ್ಧತಿ ಅಚ್ಚಾಯಿತು. ಇವತ್ತು ಪ್ರಪಂಚದ ತುಂಬ ಪಶುವೈದ್ಯ ಕಾಲೇಜುಗಳಲ್ಲಿ ಅದನ್ನು ಕಲಿಸುತ್ತಾರೆ. ಈಗ ಅಮೀನಗಡದ ಸಂತೆಗೋ ಶಿರಾ ಸಂತೆಗೋ ಹೋಗಿ ನೋಡಿ. ಕೊಳ್ಳುವವನು ಮಾತಿಗೂ ಮೊದಲು ಎಲ್ಲಿ ಕೈ ಹಾಕುತ್ತಾನೆ? ಸೊಂಟಕ್ಕೇ. ಬೇಜಾರಾಗುವುದು ಇಲ್ಲೇ. ಕೊಳ್ಳುವವನಿಗೆ ಹತ್ತು ಸೆಕೆಂಡಿನಲ್ಲಿ ಗೊತ್ತಾಗುವ ವಿಷಯ, ನಾಲ್ಕು ತಿಂಗಳು ಸಾಕಿದವರಿಗೆ ಗೊತ್ತಿರುವುದಿಲ್ಲ. ದಯವಿಟ್ಟು ಅವನಿಗಿಂತ ಮೊದಲು ನಿಮ್ಮ ಕೈ ಅಲ್ಲಿಗೆ ಹೋಗಲಿ.

ತಳಿಯನ್ನೂ ನೋಡಬೇಕು. ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿ ಗಿಡ್ಡ, ದುಂಡು. 25 ಕೆ.ಜಿ.ಗೆಲ್ಲ ಮೈ ತುಂಬಿಕೊಂಡಿರುತ್ತದೆ. ರಾಯಚೂರು ಕಡೆಯ ಕೆಂಗುರಿ ಉದ್ದ ಕಾಲಿನದು. ಅದೇ 25 ಕೆ.ಜಿ.ಗೆ ಅದು ಇನ್ನೂ ಮೂಳೆ ಬೆಳೆಸುತ್ತಿರುತ್ತದೆ. ಹಾಗಾಗಿ "ಇಷ್ಟು ಕೆ.ಜಿ. ಆದರೆ ಮಾರಿ" ಅಂತ ಯಾರಾದರೂ ಹೇಳಿದರೆ, ಯಾವ ಕುರಿ ಅಂತ ಕೇಳಿ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಬೇಗ. ತಕ್ಕಡಿ ಇಲ್ಲದಿದ್ದರೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆ ಸುತ್ತಳತೆ, ಭುಜದ ತುದಿಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ, ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 28, ಉದ್ದ 24 ಇದ್ದರೆ ಸುಮಾರು 28 ಕೆ.ಜಿ. ಬರುತ್ತದೆ. ಅಂದಾಜು ಲೆಕ್ಕ, ಆದರೆ ಕಣ್ಣಳತೆಗಿಂತ ಎಷ್ಟೋ ವಾಸಿ. ಬೆಳಿಗ್ಗೆ ಮೇವು ಹಾಕುವ ಮುಂಚೆಯೇ ಅಳೆಯಿರಿ.

ಹದಿನೈದು ದಿನಕ್ಕೊಮ್ಮೆ ಅಳೆದರೆ ದುಡ್ಡಿನ ಲೆಕ್ಕವೂ ತಾನಾಗಿ ಸಿಗುತ್ತದೆ. ಉದಾಹರಣೆಗೆ ದಿನದ ಖರ್ಚು 25 ರೂಪಾಯಿ, ಜೀವಂತ ತೂಕಕ್ಕೆ ಕೆ.ಜಿ.ಗೆ 400 ರೂಪಾಯಿ ಅಂತಿಟ್ಟುಕೊಳ್ಳಿ. ದಿನಕ್ಕೆ 120 ಗ್ರಾಂ ಬೆಳೆದರೆ 48 ರೂಪಾಯಿ, ಲಾಭ. ಅದು 50 ಗ್ರಾಂಗೆ ಇಳಿದರೆ 20 ರೂಪಾಯಿ, ದಿನಾ ಕೈಯಿಂದ ಐದು ರೂಪಾಯಿ ಹೋಗುತ್ತಿದೆ.

ಹಬ್ಬ? ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಬೇಡಿಕೆ ಏರುತ್ತದೆ, ಶ್ರಾವಣದಲ್ಲಿ ಇಳಿಯುತ್ತದೆ. ಬಕ್ರೀದ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ, ಹಾಗಾಗಿ ಹೋದ ವರ್ಷದ ತಾರೀಕು ನಂಬಿ ಮರಿ ಕಟ್ಟಬೇಡಿ. ಆ ಹಬ್ಬಕ್ಕೆ ಹಲ್ಲು, ಕಾಲು, ಕೊಂಬು, ಕಿವಿ ಎಲ್ಲ ನೋಡುತ್ತಾರೆ. ಬಹಳ ಜನ ಎರಡು ಹಲ್ಲಿನದೇ ಬೇಕು ಅನ್ನುತ್ತಾರೆ. ಹಾಲು ಹಲ್ಲು ಬಿದ್ದು ಆ ಜೋಡಿ ಬರುವುದು ಒಂದು ವರ್ಷದಿಂದ ಒಂದೂವರೆ ವರ್ಷದೊಳಗೆ. ಏಳು ತಿಂಗಳ ಮರಿಯನ್ನು ಎರಡು ತಿಂಗಳು ಜಾಸ್ತಿ ಇಟ್ಟರೆ ಹಲ್ಲು ಬರುವುದಿಲ್ಲ, ಖರ್ಚು ಬರುತ್ತದೆ.

ಹಾಗಾದರೆ ಆ ಹತ್ತು ಮರಿ? ಅಣ್ಣಾ, ಹತ್ತನ್ನೂ ಒಂದೇ ದಿನ ಕೊಡಬೇಕಿಲ್ಲ. ನಾಳೆ ಬೆಳಿಗ್ಗೆ ಒಂದೊಂದರ ಬೆನ್ನು ಮುಟ್ಟಿ. ಕೈಯ ಹಿಂಬದಿಯ ಹಾಗೆ ಸಿಕ್ಕವನ್ನು ಬೇರೆ ಕಟ್ಟಿ, ಅವಕ್ಕೆ ರೇಟು ಮಾತಾಡಿ. ಗೆಣ್ಣಿನ ಹಾಗೆ ಸಿಕ್ಕವಕ್ಕೆ ಇನ್ನು ಹದಿನೈದು ದಿನ ಹಿಂಡಿ ಹಾಕಿ, ಮತ್ತೆ ಮುಟ್ಟಿ. ಎಷ್ಟು ತಯಾರಿದ್ದವು ಅಂತ ನನಗೆ ಬರೆದು ತಿಳಿಸಿ, ಕಾಯುತ್ತಿರುತ್ತೇನೆ.