ವೈನ್ ಕುಡಿದ್ರೆ ಕೂಸು ಬೆಳ್ಳಗೆ ಹುಟ್ಟುತ್ತಾ?

[ಕ್ಯಾಮೆರಾ ಮುಂದೆ]

ನಮಸ್ಕಾರ್ರೀ. ಹೋದ ವಾರ ತಿಕೋಟಾ ಕಡೆ ಒಂದು ಕುಬುಸದ ಕಾರ್ಯಕ್ಕೆ ಹೋಗಿದ್ದೆ. ಹೋಳಿಗೆ ಊಟ ಮುಗಿದ ಮೇಲೆ ಬಸುರಿ ಹುಡುಗಿಯ ನೆಗೆಣ್ಣಿ ನನ್ನನ್ನು ಪಕ್ಕಕ್ಕೆ ಕರೆದಳು. "ಅಕ್ಕಾರ, ವೈನ್ ಕುಡದ್ರ ಕೂಸು ಬೆಳ್ಳಗ ಹುಟ್ಟತೈತಂತ, ಖರೇನ್ರಿ? ದ್ರಾಕ್ಷಿ ರಸಾನ ಅಲ್ಲೇನ್ರಿ ಅದು?"

ಸುತ್ತ ಎಲ್ಲಾ ದ್ರಾಕ್ಷಿ ತೋಟ. ಅವಳು ಕೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಖರೆ ಅಲ್ಲ. ಮಗುವಿನ ಬಣ್ಣಕ್ಕೂ ವೈನಿಗೂ ಸಂಬಂಧವೇ ಇಲ್ಲ. ರಸ ಹುಳಿ ಬಂದು ವೈನ್ ಆಯಿತು ಅಂದರೆ, ಅದರಲ್ಲಿರುವುದು ವಿಸ್ಕಿಯಲ್ಲಿರುವ ಅದೇ ಆಲ್ಕೋಹಾಲ್.

[ಪರದೆ ಮೇಲೆ: ಮೂರು ಗ್ಲಾಸು]

150 ಎಂಎಲ್ ವೈನ್, ಶೇ. 12. ಅಂದರೆ 18 ಎಂಎಲ್ ಆಲ್ಕೋಹಾಲ್. 60 ಎಂಎಲ್ ವಿಸ್ಕಿಯಲ್ಲಿ ಸುಮಾರು 26. ಇನ್ನು "ಬಿಯರ್ ಬರೀ ತಂಪು" ಅಂತಾರಲ್ಲ, ಶೇ. 5ರ ದೊಡ್ಡ ಬಾಟಲಿ, 650 ಎಂಎಲ್, ಅದರಲ್ಲಿ 32! ಸ್ಟ್ರಾಂಗ್ ಬಿಯರ್ ಆದರೆ ಇನ್ನೂ ಜಾಸ್ತಿ.

ಇದು ತಾಯಿಯ ರಕ್ತಕ್ಕೆ ಸೇರಿ, ಮಾಸು ಅಂದರೆ ಪ್ಲಾಸೆಂಟಾ ದಾಟಿ ಸೀದಾ ಕೂಸಿಗೆ ಹೋಗುತ್ತದೆ. ತಾಯಿಯ ಲಿವರ್ ಅದನ್ನು ಕರಗಿಸುತ್ತದೆ. ಕೂಸಿನ ಲಿವರಿಗೆ ಇನ್ನೂ ಆ ಶಕ್ತಿ ಬಂದಿರುವುದಿಲ್ಲ. ಸುತ್ತಲಿನ ಗರ್ಭದ ನೀರಿನಲ್ಲೂ ಆಲ್ಕೋಹಾಲ್ ಉಳಿದಿರುತ್ತದೆ, ಆ ನೀರನ್ನು ಕೂಸು ನುಂಗುತ್ತಾ ಇರುತ್ತದೆ.

[ಕ್ಲೋಸಪ್: ಮೂಗು, ತುಟಿ]

ಈಗ ಮೂಗಿನ ಕೆಳಗೆ ಬೆರಳಿಟ್ಟು ನೋಡಿ. ತುಟಿ ಮೇಲೆ ಸಣ್ಣ ತಗ್ಗು ಸಿಗುತ್ತೆ ಅಲ್ವಾ? ಹೊಟ್ಟೆಯಲ್ಲಿದ್ದಾಗ ಆಲ್ಕೋಹಾಲಿನ ಪೆಟ್ಟು ಬಿದ್ದ ಕೆಲವು ಮಕ್ಕಳಲ್ಲಿ ಆ ತಗ್ಗು ಸಪಾಟಾಗಿರುತ್ತದೆ, ಮೇಲ್ದುಟಿ ತೆಳ್ಳಗೆ, ಕಣ್ಣಿನ ಸೀಳು ಚಿಕ್ಕದು. 1973ರಲ್ಲಿ ಅಮೆರಿಕದ ಸಿಯಾಟಲ್‌ನ ವೈದ್ಯರಾದ ಕೆನೆತ್ ಜೋನ್ಸ್, ಡೇವಿಡ್ ಸ್ಮಿತ್ ಇದಕ್ಕೆ 'ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್' ಅಂತ ಹೆಸರಿಟ್ಟರು. ಅದಕ್ಕೂ ಮೊದಲೇ, 1968ರಲ್ಲಿ, ಫ್ರಾನ್ಸಿನ ವೈದ್ಯ ಪಾಲ್ ಲೆಮೋನ್ ಕುಡಿಯುವ ತಂದೆತಾಯಿಯರ 127 ಮಕ್ಕಳನ್ನು ನೋಡಿ ಇದರ ಬಗ್ಗೆ ಬರೆದಿದ್ದರು. ಆಗ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ.

ಮುಖ ರೂಪ ಪಡೆಯುವುದು ಮೊದಲ ಮೂರು ತಿಂಗಳಲ್ಲಿ. ಮೆದುಳು ಹಾಗಲ್ಲ, ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ. ಅದಕ್ಕೇ ತೊಂದರೆ ಇರುವ ಹೆಚ್ಚಿನ ಮಕ್ಕಳ ಮುಖ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಶಾಲೆಗೆ ಹೋದಾಗ ಕಾಣುತ್ತದೆ. ನಿನ್ನೆ ಒಪ್ಪಿಸಿದ ಮಗ್ಗಿ ಇವತ್ತು ಮರೆತಿರುತ್ತದೆ. ಒಂದು ಕಡೆ ಕೂರುವುದಿಲ್ಲ. ನಾವು ಸುಮ್ನೆ "ದಡ್ಡ" ಅಂದು ಬೈಯುತ್ತೇವೆ. ಆ ಬೈಗುಳ ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಕೊಡುತ್ತದೆ. ಇದು ಪೂರ್ತಿ ವಾಸಿಯಾಗುವುದಿಲ್ಲ, ಆದರೆ ಬೇಗ ಗುರುತಿಸಿದರೆ ಕಲಿಸುವ ದಾರಿ ಇದೆ.

ಕುಡಿದ ಎಲ್ಲರ ಮಗುವಿಗೂ ಹೀಗಾಗುವುದಿಲ್ಲ. ಆದರೆ ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಅಳತೆ ಯಾವ ವೈದ್ಯರ ಹತ್ತಿರವೂ ಇಲ್ಲ.

"ನಮ್ಮನೇಲಿ ಹೆಣ್ಣುಮಕ್ಕಳು ಮುಟ್ಟೋದೇ ಇಲ್ಲ" ಅಂತೀರಾ? ಮನೆಯಲ್ಲಿರುವ ಅರಿಷ್ಟದ ಬಾಟಲಿ ತಿರುಗಿಸಿ ಲೇಬಲ್ ಓದಿ. ಹುಳಿ ಬರಿಸಿ ಮಾಡುವ ಆಯುರ್ವೇದ ಔಷಧಿ ಅದು, ತಾನಾಗಿಯೇ ಆಲ್ಕೋಹಾಲ್ ಹುಟ್ಟಿರುತ್ತದೆ. ಕುಡಿಯುವುದು ಸ್ವಲ್ಪವೇ, ಹೆದರಬೇಡಿ. ಬಸುರಿನಲ್ಲಿ ಡಾಕ್ಟರನ್ನು ಕೇಳದೆ ತಗೋಬೇಡಿ, ಅಷ್ಟೇ.

ಗೊತ್ತಿಲ್ಲದೆ ಮೊದಲ ತಿಂಗಳು ಕುಡಿದಿದ್ದರೆ? ಇವತ್ತೇ ಬಿಡಿ, ಡಾಕ್ಟರಿಗೆ ಮುಚ್ಚಿಡಬೇಡಿ. ಉಳಿದ ತಿಂಗಳುಗಳ ಬೆಳವಣಿಗೆಗೆ ಅದರಿಂದ ಲಾಭವಿದೆ. ದಿನಾ ಕುಡಿಯುವ ಚಟ ಇದ್ದವರು ಮಾತ್ರ ಒಮ್ಮೆಲೇ ಬಿಡಬೇಡಿ, ಕೈ ನಡುಕ, ಫಿಟ್ಸ್ ಬರಬಹುದು. ಆಸ್ಪತ್ರೆಗೆ ಹೋಗಿ, ಇಲ್ಲ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ.

ಇಷ್ಟೆಲ್ಲಾ ಕೇಳಿದ ಮೇಲೆ ಆ ನೆಗೆಣ್ಣಿ ಅಂದಳು, "ಹಂಗಾರ ದ್ರಾಕ್ಷಿ ತಿನಬೋದಲ್ರಿ?"

ತಿನ್ನಬಹುದು ತಾಯಿ. ಔಷಧಿ ಹೊಡೆದಿರುತ್ತಾರೆ, ಚೆನ್ನಾಗಿ ತೊಳೆದು ತಿನ್ನಿ.