45 ದಿನಗಳ ಕಾನೂನು, 90 ದಿನಗಳ ಕರಾರು

ನಮಸ್ಕಾರ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಕಾರ್ಯಕ್ರಮ ಮುಗಿದು ಹೊರಗೆ ನಿಂತಾಗ, ಅನುವಾದ, ಡಬ್ಬಿಂಗ್, ಪುಟವಿನ್ಯಾಸ, ಕರಡು ತಿದ್ದುವಿಕೆಗಳಿಂದಲೇ ಮುಂಬಯಿಯಲ್ಲಿ ಸಂಸಾರ ನಡೆಸುವ ನಮ್ಮವರ ನಡುವೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ‘ಅವರ ಪೇಮೆಂಟ್ ಬಂತಾ?’

2023ರ ಫೆಬ್ರವರಿಯಲ್ಲಿ ಅಂಧೇರಿಯ ಒಂದು ಮಾಧ್ಯಮ ಸಂಸ್ಥೆಗೆ ಹನ್ನೆರಡು ಕಂತುಗಳ ಕನ್ನಡ ಉಪಶೀರ್ಷಿಕೆ ಬರೆದುಕೊಟ್ಟು ಬಿಲ್ ಕಳುಹಿಸಿದೆ. ಫೋನ್ ಮಾಡಿದಾಗಲೆಲ್ಲ ಅಕೌಂಟ್ಸ್‌ನವರು ‘ಸಿಸ್ಟಮ್‌ನಲ್ಲಿದೆ, ಮುಂದಿನ ಸೈಕಲ್‌ನಲ್ಲಿ ಬರುತ್ತದೆ’ ಎನ್ನುತ್ತಿದ್ದರು. ಜೂನ್ ತಿಂಗಳಲ್ಲಿ ಆದಾಯ ತೆರಿಗೆ ರಿಟರ್ನ್ ತುಂಬಲು, ನನ್ನ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿಯಾದ 26ಎಎಸ್ ತೆರೆದರೆ, ಸಂಸ್ಥೆ ಮಾರ್ಚ್ 31ರ ದಿನಾಂಕದಲ್ಲೇ ನನ್ನ ಬಿಲ್ಲನ್ನು ಲೆಕ್ಕಕ್ಕೆ ತೆಗೆದುಕೊಂಡು, ಶೇಕಡಾ 10ರಷ್ಟು ಟಿಡಿಎಸ್ (ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ) ಕಡಿತ ಮಾಡಿ ಸರ್ಕಾರಕ್ಕೆ ಕಟ್ಟಿತ್ತು. ಕೈಗೆ ಬಾರದ ಹಣಕ್ಕೆ ನಾನು ಆದಾಯ ತೋರಿಸಬೇಕಾಯಿತು. ಹಣ ಬಂದದ್ದು ಗಣೇಶ ಚತುರ್ಥಿ ಕಳೆದ ಮೇಲೆ.

ಇದಕ್ಕೆ ಕಾನೂನು ಇಲ್ಲವೆಂದಲ್ಲ. 2006ರ ಎಂಎಸ್ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿಕೊಂಡ ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಲಿಖಿತ ಕರಾರು ಇಲ್ಲದಿದ್ದರೆ 15 ದಿನಗಳಲ್ಲಿ, ಇದ್ದರೂ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಲ್ಲಬೇಕು. ಕರಾರಿನಲ್ಲಿ 90 ದಿನವೆಂದು ಅಚ್ಚಾಗಿದ್ದರೂ ಈ ಮಿತಿ ಬದಲಾಗದು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾನೂನಿಗೆ ತಂದ ನಿಯಮದಿಂದಾಗಿ, ಅವಧಿ ಮೀರಿದ ಬಾಕಿಯನ್ನು ಕಂಪನಿಯು ಹಣ ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು.

ಹಾಗಿದ್ದೂ ನಮ್ಮಲ್ಲಿ ಯಾರೂ, ತಡವಾದ ಪಾವತಿಯ ದೂರುಗಳಿಗೆಂದೇ ಕೇಂದ್ರ ಸರ್ಕಾರ ತೆರೆದ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಕೊಟ್ಟದ್ದನ್ನು ನಾನು ಕಂಡಿಲ್ಲ, ನಾನೂ ಕೊಡಲಿಲ್ಲ. ಇಲ್ಲಿ ಕನ್ನಡದ ಕೆಲಸ ಕೊಡುವ ಸ್ಟುಡಿಯೋಗಳು ಬೆರಳೆಣಿಕೆಯಷ್ಟು. ಒಂದು ಕಡೆ ಬಡ್ಡಿ ಕೇಳಿದವರ ಹೆಸರು ಮರುವಾರವೇ ಇನ್ನೊಂದು ಕಡೆಗೆ ತಲುಪಿರುತ್ತದೆ ಎಂಬ ಭಯ ನಮ್ಮ ಬಾಯಿ ಕಟ್ಟುತ್ತದೆ. ಕನ್ನಡದ ಸಣ್ಣ ಪ್ರಕಾಶಕರನ್ನು ನಾನು ಈ ಸಾಲಿಗೆ ಸೇರಿಸುವುದಿಲ್ಲ. ಪುಸ್ತಕದಂಗಡಿಯಿಂದಲೂ ಗ್ರಂಥಾಲಯ ಖರೀದಿಯಿಂದಲೂ ಅವರಿಗೇ ಹಣ ತಡವಾಗಿ ಬರುತ್ತದೆ, ಬಂದ ದಿನ ಅವರು ಫೋನ್ ಮಾಡಿ ಕೊಡುತ್ತಾರೆ. ನನ್ನ ಆಕ್ಷೇಪವಿರುವುದು, ಬ್ಯಾಂಕಿನಲ್ಲಿ ಹಣವಿಟ್ಟುಕೊಂಡು ನಮ್ಮ ದುಡಿಮೆಯನ್ನು ಬಡ್ಡಿಯಿಲ್ಲದ ಸಾಲವಾಗಿ ಬಳಸುವ ದೊಡ್ಡ ಸಂಸ್ಥೆಗಳ ಬಗ್ಗೆ.

ಆದುದರಿಂದ ದೂರುವ ಹೊಣೆಯನ್ನು ದುರ್ಬಲರ ಮೇಲಿಂದ ಇಳಿಸಬೇಕು. ಬ್ರಿಟನ್ನಿನಲ್ಲಿ 2017ರಿಂದ ದೊಡ್ಡ ಕಂಪನಿಗಳು ಬಿಲ್ ಪಾವತಿಗೆ ಸರಾಸರಿ ಎಷ್ಟು ದಿನ ತೆಗೆದುಕೊಂಡವೆಂಬುದನ್ನು ವರ್ಷಕ್ಕೆ ಎರಡು ಬಾರಿ ಸರ್ಕಾರಿ ಜಾಲತಾಣದಲ್ಲಿ ಪ್ರಕಟಿಸಬೇಕು. ನಮ್ಮಲ್ಲಿಯೂ ಸಣ್ಣ ಉದ್ಯಮಗಳಿಗೆ 45 ದಿನ ಮೀರಿದ ಬಾಕಿ ಇರುವ ಕಂಪನಿಗಳು, ಕಾರಣಸಹಿತ, ಆರು ತಿಂಗಳಿಗೊಮ್ಮೆ ಎಂಎಸ್ಎಂಇ-1 ನಮೂನೆಯನ್ನು ಕಂಪನಿಗಳ ರಿಜಿಸ್ಟ್ರಾರರಿಗೆ ಸಲ್ಲಿಸಲೇಬೇಕು. ಆ ವಿವರಗಳಿಂದ ಪ್ರತಿ ಕಂಪನಿಯ ಸರಾಸರಿ ದಿನಗಳನ್ನು ಲೆಕ್ಕಹಾಕಿ, ಯಾರು ಬೇಕಾದರೂ ಶುಲ್ಕವಿಲ್ಲದೆ ಹೆಸರು ಹುಡುಕಿ ನೋಡುವಂತೆ ಕಂಪನಿ ವ್ಯವಹಾರಗಳ ಸಚಿವಾಲಯ ಪ್ರಕಟಿಸಲಿ. ಕೆಲಸ ಒಪ್ಪಿಕೊಳ್ಳುವ ಮೊದಲು ಆ ಒಂದು ಅಂಕಿ ಕಣ್ಣಿಗೆ ಬಿದ್ದಿದ್ದರೆ, ಆ ಫೆಬ್ರವರಿಯಲ್ಲಿ ನಾನು ಅರ್ಧ ಹಣವನ್ನು ಮುಂಗಡವಾಗಿ ಕೇಳುತ್ತಿದ್ದೆ.