ಜ್ಯಾಕ್ ವಾಟ್ಸ್ ಹೊತ್ತ ಭಾರ

ಕೇಳುಗರೆಲ್ಲರಿಗೂ ನಮಸ್ಕಾರ.

ಮೆಲ್ಬರ್ನ್ ಅಂದ ಕೂಡಲೇ ನಮಗೆ ನೆನಪಾಗೋದು ಕ್ರಿಕೆಟ್. ಬಾಕ್ಸಿಂಗ್ ಡೇ ಟೆಸ್ಟ್, ಎಂಸಿಜಿ ಮೈದಾನ. ಆದರೆ ಅಲ್ಲಿ ಚಳಿಗಾಲ ಬಂತೆಂದರೆ ಆ ಮೈದಾನ ಬೇರೊಂದು ಆಟದ ಪಾಲಾಗುತ್ತದೆ. ಅದು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಅಲ್ಲಿಯವರ ಬಾಯಲ್ಲಿ ಫುಟಿ. ಒಂದೊಂದು ತಂಡದಲ್ಲಿ 18 ಮಂದಿ. ಮೊಟ್ಟೆಯಾಕಾರದ ಚೆಂಡು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲು, 6 ಅಂಕ, ಅದರ ಪಕ್ಕದಲ್ಲಿ ಹೋದರೆ 1 ಅಂಕ.

ಈ ಆಟದಲ್ಲಿ ಹೊಸ ಹುಡುಗರನ್ನು ದುಡ್ಡು ಸುರಿದು ಕೊಳ್ಳುವ ಹಾಗಿಲ್ಲ. ಪ್ರತಿ ವರ್ಷ ಡ್ರಾಫ್ಟ್ ನಡೆಯುತ್ತದೆ. ಕ್ಲಬ್‌ಗಳು ಸರದಿಯ ಪ್ರಕಾರ ಹುಡುಗರನ್ನು ಆರಿಸಿಕೊಳ್ಳುತ್ತವೆ. ಆ ವರ್ಷ ಕೊನೆಯ ಸ್ಥಾನಕ್ಕೆ ಬಿದ್ದ ತಂಡಕ್ಕೆ ಮೊದಲ ಆಯ್ಕೆ. ಸೋತವರು ಮೇಲೇಳಲಿ ಎಂಬುದು ಇದರ ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಹುಡುಗನ ಕಡೆಯಿಂದ ನೋಡಿ. ದೇಶದಲ್ಲೇ ಒಳ್ಳೆಯ ಆಟಗಾರ ಅನ್ನಿಸಿಕೊಂಡವನು ಹೋಗಿ ಸೇರುವುದು ಎಲ್ಲಕ್ಕಿಂತ ಸೋತು ಸುಣ್ಣವಾದ ತಂಡಕ್ಕೆ.

2008ರಲ್ಲಿ ಹಾಗೆ ಮೊದಲು ಕೂಗಿದ ಹೆಸರು ಜ್ಯಾಕ್ ವಾಟ್ಸ್. ವಯಸ್ಸು 17. ಎತ್ತರದ ಹುಡುಗ. ಆದರೂ ಸಣ್ಣ ಆಳಿನಷ್ಟೇ ಚುರುಕು, ಒದೆತದಲ್ಲಿ ನಾಜೂಕು. ಆರಿಸಿಕೊಂಡದ್ದು ಮೆಲ್ಬರ್ನ್ ಕ್ಲಬ್. ಆ ವರ್ಷ ಅವರು ಗೆದ್ದದ್ದು ಮೂರೇ ಪಂದ್ಯ. ಎರಡನೇ ಹೆಸರು ನಿಕ್ ನೈಟನೂಯಿ. ಅವನು ವೆಸ್ಟ್ ಕೋಸ್ಟ್ ಸೇರಿ ಜನರ ಕಣ್ಮಣಿಯಾದ. ವಾಟ್ಸ್ ತಪ್ಪು ಮಾಡಿದಾಗಲೆಲ್ಲ ಜನ ನೈಟನೂಯಿಯನ್ನು ನೆನೆದರು. ಆರಿಸಿದವರು ಯಾರೋ, ಮಾತು ಕೇಳಬೇಕಾದವನು ಯಾರೋ!

ಮೊದಲ ಪಂದ್ಯ 2009ರ ಜೂನ್‌ನಲ್ಲಿ, ರಾಣಿಯ ಹುಟ್ಟುಹಬ್ಬದ ರಜೆಯ ದಿನ. ಎದುರಾಳಿ ಕಾಲಿಂಗ್‌ವುಡ್. ಎಂಸಿಜಿಯಲ್ಲಿ 60 ಸಾವಿರಕ್ಕೂ ಹೆಚ್ಚು ಜನ. ಹುಡುಗ ಆಗಿನ್ನೂ ಶಾಲೆ ಮುಗಿಸಿರಲಿಲ್ಲ. ಮೈ ತುಂಬಿರಲಿಲ್ಲ. ಅವನ ಕೈಗೆ ಚೆಂಡು ಬಂದದ್ದೇ ತಡ, ಕಾಲಿಂಗ್‌ವುಡ್‌ನ ಬಲಿತ ಆಳುಗಳು ಒಟ್ಟಾಗಿ ಮೇಲೆ ಬಿದ್ದರು. ಆ ದೃಶ್ಯ ಟಿವಿಯಲ್ಲಿ ವರ್ಷಗಟ್ಟಲೆ ಓಡಿತು. ಮೆಲ್ಬರ್ನ್ 66 ಅಂಕಗಳಿಂದ ಸೋತಿತು.

ಯಾಕಷ್ಟು ಅವಸರ? ಸೋತು ಸೋತು ಬೇಸತ್ತ ಅಭಿಮಾನಿಗಳಿಗೆ ಏನಾದರೂ ತೋರಿಸಬೇಕಿತ್ತು, ಅಷ್ಟೇ ಅಂತ ನನಗನ್ನಿಸುತ್ತದೆ. ವಾಟ್ಸ್‌ನಂಥ ಎತ್ತರದ ಫಾರ್ವರ್ಡ್, ಅಂದರೆ ಗೋಲು ಹೊಡೆಯಲು ಮುಂದೆ ನಿಲ್ಲುವ ಆಟಗಾರ, ಪಳಗಲು ಎಲ್ಲರಿಗಿಂತ ಜಾಸ್ತಿ ಸಮಯ ಬೇಕು. ಗಾಳಿಯಲ್ಲಿ ಬರುವ ಚೆಂಡಿಗೆ ಹಾರುವಾಗ ಹಿಂದಿನಿಂದ ಒಬ್ಬ ನೂಕುತ್ತಿರುತ್ತಾನೆ. ಅದನ್ನು ತಡೆಯಲು ಮೈಬಲ ಬೇಕು, ಅದು ವರ್ಷಗಳ ಮೇಲೆ ಬರುವಂಥದ್ದು. ಇನ್ನೊಂದು ಮಾತು. ಫಾರ್ವರ್ಡ್ ಎಷ್ಟೇ ಚೆನ್ನಾಗಿದ್ದರೂ ನಡು ಮೈದಾನದವರು ಚೆಂಡು ಗೆದ್ದು ಕಳಿಸಬೇಕು. ಮೆಲ್ಬರ್ನ್ ಸೋಲುತ್ತಿದ್ದದ್ದೇ ಅಲ್ಲಿ. ಚೆಂಡೇ ಬಾರದ ಕಡೆ ನಿಂತವನನ್ನು ನೋಡಿ, ಏನೂ ಮಾಡಲಿಲ್ಲ ಅನ್ನೋದು ಸುಲಭ, ಅಲ್ವಾ?

ಮುಂದಿನ ವರ್ಷಗಳು ಇನ್ನೂ ಕೆಟ್ಟವು. 2011ರ ಜುಲೈನಲ್ಲಿ ಜೀಲಾಂಗ್ ಎದುರು ಸೋಲು 186 ಅಂಕಗಳಿಂದ. ಕೋಚ್ ಡೀನ್ ಬೇಲಿಯನ್ನು ತೆಗೆದರು. ಆ ವರ್ಷದ ಉಳಿದ ಪಂದ್ಯಗಳಿಗೆ ಟಾಡ್ ವೈನಿ. ಆಮೇಲೆ ಮಾರ್ಕ್ ನೀಲ್ಡ್, ಅವರನ್ನೂ 2013ರ ನಡುವೆಯೇ ತೆಗೆದರು. ನೀಲ್ ಕ್ರೇಗ್, ಪಾಲ್ ರೂಸ್, ಕೊನೆಗೆ ಸೈಮನ್ ಗುಡ್ವಿನ್. ಒಬ್ಬ ಹುಡುಗನಿಗೆ ಆರು ಕೋಚ್‌ಗಳು. ಅವನನ್ನು ಮುಂದೆ ನಿಲ್ಲಿಸಿದರು, ಹಿಂದೆ ನಿಲ್ಲಿಸಿದರು, ನಡುವೆ ಓಡಿಸಿದರು.

ಬೆಳೆಯುವ ಸಿರಿ ಮೊಳಕೆಯಲ್ಲಿ ಅನ್ನುತ್ತೇವೆ. ಮೊಳಕೆ ಬಿದ್ದ ನೆಲವನ್ನು ಯಾರೂ ಕೇಳುವುದಿಲ್ಲ. ಕೇಳಬೇಕು. ಯಾಕೆಂದರೆ ಆ ಕ್ಲಬ್‌ನಲ್ಲಿ ಬಾಡಿದ್ದು ವಾಟ್ಸ್ ಒಬ್ಬನೇ ಅಲ್ಲ. 2009ರ ಡ್ರಾಫ್ಟ್‌ನಲ್ಲಿ ಮೊದಲ ಎರಡೂ ಆಯ್ಕೆ ಮೆಲ್ಬರ್ನ್‌ಗೇ ಸಿಕ್ಕವು. ಟಾಮ್ ಸ್ಕಲಿ ಎರಡೇ ವರ್ಷಕ್ಕೆ ಬೇರೆ ಕ್ಲಬ್ ಸೇರಿದ. ಜ್ಯಾಕ್ ಟ್ರೆಂಗೋವ್‌ನನ್ನು 20ನೇ ವಯಸ್ಸಿಗೇ ನಾಯಕರಲ್ಲಿ ಒಬ್ಬನನ್ನಾಗಿ ಮಾಡಿದರು. ಆಮೇಲೆ ಪಾದದ ಮೂಳೆಯ ಪೆಟ್ಟು ಅವನ ಆಟವನ್ನೇ ನುಂಗಿತು. ಒಬ್ಬ ಸೋತರೆ ಅವನನ್ನು ಪ್ರಶ್ನಿಸಬಹುದು. ಸಾಲಾಗಿ ಮೂವರು ಹೀಗಾದರೆ?

ಹಾಗಂತ ವಾಟ್ಸ್‌ದೇನೂ ಕೊರತೆ ಇರಲಿಲ್ಲ ಅಂತ ನಾನು ಹೇಳಲಾರೆ. ಮೈಗೆ ಮೈ ತಾಗುವ ಜಗಳದ ಆಟ ಅವನದಾಗಿರಲಿಲ್ಲ. ತಯಾರಿ ಸಾಲದು ಎಂಬ ಮಾತು ಕೊನೆಯ ವರ್ಷಗಳಲ್ಲಿ ಕೇಳಿಬಂತು. ಅದು ಸುಮ್ನೆ ಹುಟ್ಟಿದ ಮಾತು ಅಂತ ನಾನು ತಳ್ಳಿಹಾಕುವುದಿಲ್ಲ.

ಆದರೆ ಪಾಲ್ ರೂಸ್ ಬಂದು ತಂಡಕ್ಕೊಂದು ನೆಲೆ ಕಂಡಾಗ ಏನಾಯಿತು ನೋಡಿ. 2016ರಲ್ಲಿ ವಾಟ್ಸ್ 38 ಗೋಲು ಹೊಡೆದ. ಅವನ ಅತ್ಯುತ್ತಮ ವರ್ಷ ಅದು. 2017ರ ಜೂನ್‌ನಲ್ಲಿ ಮತ್ತೆ ಅದೇ ರಜೆಯ ದಿನ, ಅದೇ ಎಂಸಿಜಿ, ಅದೇ ಕಾಲಿಂಗ್‌ವುಡ್. ಪಂದ್ಯದ ಕೊನೆಯ ನಿಮಿಷಗಳಲ್ಲಿ ಚೆಂಡು ವಾಟ್ಸ್ ಕೈಗೆ ಬಂತು. ಓಡುತ್ತಲೇ ಒದ್ದ. ಗೋಲು! ಮೆಲ್ಬರ್ನ್ 4 ಅಂಕಗಳಿಂದ ಗೆದ್ದಿತು. ಆ ದಿನ ಸ್ಟ್ಯಾಂಡ್‌ನಲ್ಲಿ ಎದ್ದ ಕೂಗಿನಲ್ಲಿ ಬರೀ ಗೆಲುವಿನ ಖುಷಿ ಇರಲಿಲ್ಲ. ಈ ಹುಡುಗನಿಗಾಗಿ ಎಂಟು ವರ್ಷ ಮರುಗಿದವರ ಪ್ರೀತಿಯೂ ಇತ್ತು ಅಂತ ನನ್ನ ನಂಬಿಕೆ.

ಅದೇ ವರ್ಷದ ಕೊನೆಗೆ ಕ್ಲಬ್ ಅವನನ್ನು ಪೋರ್ಟ್ ಅಡಿಲೇಡ್‌ಗೆ ಕೊಟ್ಟುಬಿಟ್ಟಿತು. ಬದಲಿಗೆ ಪಡೆದದ್ದು ಡ್ರಾಫ್ಟ್‌ನ 31ನೇ ಆಯ್ಕೆ. 2018ರಲ್ಲಿ ಮೆಲ್ಬರ್ನ್ 2006ರ ನಂತರ ಮೊದಲ ಸಲ ಫೈನಲ್ಸ್‌ಗೆ, ಅಂದರೆ ಲೀಗ್ ಪಂದ್ಯಗಳ ನಂತರ ಮೇಲಿನ ತಂಡಗಳಷ್ಟೇ ಆಡುವ ಹಂತಕ್ಕೆ, ಹೋಯಿತು. ವಾಟ್ಸ್ ಸೇರಿದ ಪೋರ್ಟ್ ಆ ವರ್ಷ ಹೋಗಲಿಲ್ಲ. 2019ರ ಆರಂಭದಲ್ಲೇ ಆಡುವಾಗ ಅವನ ಕಾಲು ಮುರಿಯಿತು. ಅದೇ ವರ್ಷ, 28ನೇ ವಯಸ್ಸಿಗೆ, ನಿವೃತ್ತಿ. ಒಟ್ಟು 174 ಪಂದ್ಯ. ಅದರಲ್ಲಿ ಫೈನಲ್ಸ್ ಪಂದ್ಯ ಒಂದೂ ಇಲ್ಲ.

ಆರು ಕೋಚ್‌ಗಳ ಕೈ ದಾಟಿ, ಇಷ್ಟು ಬೈಗುಳ ತಿಂದು, 174 ಪಂದ್ಯ ಆಡಿದವನನ್ನು ಸೋತವನೆಂದು ಕರೆಯಲು ನನಗೆ ಮನಸ್ಸು ಬಾರದು.

ಮೆಲ್ಬರ್ನ್ ಕ್ಲಬ್ 2021ರಲ್ಲಿ ಪ್ರಶಸ್ತಿ ಗೆದ್ದಿತು, 1964ರ ನಂತರ ಮೊದಲ ಸಲ. ಆ ದಿನದ ಶ್ರೇಷ್ಠ ಆಟಗಾರ ಕ್ರಿಶ್ಚಿಯನ್ ಪೆಟ್ರಾಕಾ. 2014ರ ಡ್ರಾಫ್ಟ್‌ನಲ್ಲಿ ಎರಡನೇ ಹೆಸರು. ಬಂದ ಹೊಸದರಲ್ಲೇ ಅವನ ಮೊಣಕಾಲಿಗೆ ಪೆಟ್ಟಾಗಿ 2015ರ ಇಡೀ ವರ್ಷ ಆಡಲಿಲ್ಲ. ಆ ಒಂದು ವರ್ಷ ಅವನನ್ನು ಯಾರೂ ಮೈದಾನಕ್ಕೆ ತಳ್ಳುವ ಹಾಗಿರಲಿಲ್ಲ. 2016ರಲ್ಲಿ ಅವನು ಮೊದಲ ಪಂದ್ಯಕ್ಕೆ ಇಳಿಯುವ ಹೊತ್ತಿಗೆ ಪಾಲ್ ರೂಸ್ ಕೋಚ್ ಆಗಿ ಮೂರನೇ ವರ್ಷ ನಡೆದಿತ್ತು. ಕ್ಲಬ್ ತನ್ನ ಕಾಲ ಮೇಲೆ ನಿಂತಿತ್ತು. 2009ರ ಜೂನ್‌ನಲ್ಲಿ ವಾಟ್ಸ್‌ಗೆ ಇವೆರಡೂ ಇರಲಿಲ್ಲ.

ನಮಸ್ಕಾರ.